ಬೇಡಿಕೆಯ ಎದುರಿಗೊಂದು ಷರಾ: ನನ್ನ ಅನುಭವ

ಕಳೆದ ತಿಂಗಳು ಪ್ರಾರ್ಥನಾ ಕೂಟ ಮುಗಿದ ಮೇಲೆ ಇಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಅಣ್ಣಾರ, ಆ ನಿಮ್ಮ ಪುಸ್ತಕ ಹ್ಯಾಂಗ ಬರೀತೀರಿ, ನಮಗೂ ಸ್ವಲ್ಪ ಹೇಳ್ರಿ" ಅಂದರು. ಅದರಲ್ಲಿ ಒಬ್ಬರು ಏಳು ವರ್ಷದ ಹಿಂದೆ ಇದೇ ಪುಸ್ತಕ ನೋಡಿ "ದೇವರ ಸಂಗಡನೂ ಉದ್ರಿ ಲೆಕ್ಕ ಇಟ್ಟಾನ" ಎಂದು ನಕ್ಕವರು. ನಾನು ದೇವರಲ್ಲಿ ಬೇಡುವುದನ್ನೂ, ಅದರ ಎದುರಿಗೆ ಷರಾ, ಅಂದರೆ ಯಾಕೆ ಬೇಡುತ್ತೇನೆ ಅನ್ನುವ ಟಿಪ್ಪಣಿಯನ್ನೂ ಬರೆದಿಡುವ ಪುಸ್ತಕ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗದಗ ಪಕ್ಕದ ಬೆಟಗೇರಿಯವನು. ಸಣ್ಣ ಪ್ರಿಂಟಿಂಗ್ ಪ್ರೆಸ್ಸು ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಇಷ್ಟೇ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1841ರಲ್ಲಿ ಬೆಟಗೇರಿಗೆ ಬಂದರು. ನಮ್ಮ ಮನೆಯವರು ಕ್ರೈಸ್ತ ಸಭೆಗೆ ಸೇರಿ ನಾಲ್ಕು ತಲೆಮಾರಾಯಿತು. ಹಾಗಾಗಿ ಮೊಣಕಾಲೂರುವುದು, ಉಪವಾಸ, ಇಡೀ ರಾತ್ರಿಯ ಕೂಟ, ಇದನ್ನೆಲ್ಲ ನನಗಾಗಲಿ ನಿಮಗಾಗಲಿ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಬೇಡಿದ್ದು ಬರದಿದ್ದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ನಾನು ಬೇಡುತ್ತಿದ್ದದ್ದು ಎರಡು ಬಣ್ಣದ ಆಫ್‌ಸೆಟ್ ಮಷೀನು. ಸೆಕೆಂಡ್ ಹ್ಯಾಂಡೇ, ಆಗ ಸುಮಾರು 14 ಲಕ್ಷ. ಐದು ವರ್ಷ ಬೇಡಿದೆ. ಬ್ಯಾಂಕಿನ ಸಾಲ ಎರಡು ಸಲ ಕೈತನಕ ಬಂದು ತಪ್ಪಿತು. ಆಮೇಲೆ ಊರೂರು ತಿರುಗಿದೆ. ಎಲ್ಲಿ ದೊಡ್ಡ ಕೂಟ ಇದ್ದರೂ ಹೋದೆ. ಒಬ್ಬ ಬೋಧಕರು "ಬೀಜ ಬಿತ್ತು, ನೂರರಷ್ಟು ಕೊಯ್ಯುತ್ತೀ" ಅಂದರು. 11 ಸಾವಿರ ಕಾಣಿಕೆ ಬಿತ್ತಿದೆ. ಮರುವರ್ಷ 21 ಸಾವಿರ. ಪ್ರಾರ್ಥನೆಯ ಎಣ್ಣೆ ಬಾಟಲಿ, ಬಸ್ಸು, ಲಾಡ್ಜು ಸೇರಿ ಒಟ್ಟು 60 ಸಾವಿರದ ಹತ್ತಿರ ಹೋಗಿರಬೇಕು. ಅದಕ್ಕಾಗಿ ಹೆಂಡತಿಯ ಎರಡು ಬಳೆ ಮಾರಿದೆ. ಬೈಬಲಿನ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಸೀಮೋನ ದೇವರ ವರ ಕೊಳ್ಳಲು ದುಡ್ಡು ತಂದಾಗ ಪೇತ್ರ ಅವನನ್ನು ಸರಿಯಾಗಿ ಬೈದ. ನನ್ನನ್ನು ಯಾರೂ ಬೈಯಲಿಲ್ಲ, ರಸೀದಿ ಕೊಟ್ಟರು. ಆ ರಸೀದಿಯ ನಂಬರಿಂಗ್ ಕೂಡ ಸೊಟ್ಟಗಿತ್ತು.

ಪುಸ್ತಕ ಶುರುವಾದದ್ದು ಆಕಸ್ಮಿಕವಾಗಿ. ಯಾರೋ ಬೇಡ ಅಂದ ಖಾತೆ ಪುಸ್ತಕವೊಂದು ಪ್ರೆಸ್ಸಿನಲ್ಲಿ ಬಿದ್ದಿತ್ತು. ತಾರೀಖು, ವಿವರ, ಷರಾ ಎಂದು ಮೂರು ಕಾಲಂ. ವಿವರದಲ್ಲಿ ಬೇಡಿಕೆ ಬರೆದೆ. ಷರಾದಲ್ಲಿ ಏನು ಬರೆಯೋದು? ಯಾಕೋಬನ ಪತ್ರಿಕೆ 4:3 ನೆನಪಾಯಿತು. ಕೆಟ್ಟ ಉದ್ದೇಶದಿಂದ ಬೇಡುವವರಿಗೆ ಸಿಗುವುದಿಲ್ಲ ಅನ್ನುವ ವಚನ, ನಮಗೆಲ್ಲ ಬಾಯಿಪಾಠ. ಅದನ್ನು ಕುಡುಕರಿಗೆ, ಇಸ್ಪೀಟು ಆಡುವವರಿಗೆ ಬರೆದದ್ದು ಅಂದುಕೊಂಡಿದ್ದೆ. ಈ ಸಲ ಷರಾ ಕಾಲಂನಲ್ಲಿ "ಯಾಕೆ?" ಎಂದು ಬರೆದು ಅದಕ್ಕೆ ಉತ್ತರ ತುಂಬಲು ಕೂತೆ.

ಮೊದಲ ಮೂರು ತಿಂಗಳು ಪೂರ್ತಿ ದಂಡ. ಪ್ರತಿ ಸಾಲಿಗೂ "ದೇವರ ಮಹಿಮೆಗಾಗಿ" ಎಂದು ಬರೆದೆ. ಮಷೀನು ಬೇಕು, ದೇವರ ಮಹಿಮೆಗಾಗಿ. ಮಗನಿಗೆ ಸೀಟು ಬೇಕು, ದೇವರ ಮಹಿಮೆಗಾಗಿ. ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ದರೆ ಶಾಯಿಯಾದರೂ ಉಳಿಯುತ್ತಿತ್ತು.

ಒಂದು ದಿನ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟೆ. "ಷರಾ ನೀನ ಬರಿ" ಅಂದೆ. ಅವಳು ಹತ್ತು ನಿಮಿಷದಲ್ಲಿ ಎರಡು ಪುಟ ತುಂಬಿದಳು. ಮಷೀನಿನ ಎದುರಿಗೆ: "ಅವರ ಹೊಟ್ಟಿ ಉರಿಸಲಿಕ್ಕೆ." ಸೀಟಿನ ಎದುರಿಗೆ: "ಇವರು ಎಸ್ಸೆಸ್ಸೆಲ್ಸಿ ಎರಡು ಸಲ ಕೂತದ್ದು ಮಂದಿ ಮರೀಲಿ ಅಂತ."

ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಆದರೆ "ಅವರು" ಯಾರು ಅಂತ ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಹಳೆಯ ಪಾಲುದಾರ. ಪ್ರೆಸ್ಸು ಒಡೆದು ಬೇರೆಯಾದಾಗ 85 ಸಾವಿರ ಅವನಲ್ಲೇ ಉಳಿಯಿತು. ಅವನೂ ನಮ್ಮದೇ ಸಭೆ, ಭಾನುವಾರ ನನಗಿಂತ ಎರಡು ಬೆಂಚು ಮುಂದೆ ಕೂರುತ್ತಾನೆ. ಐದು ವರ್ಷ ನಾನು ಕಣ್ಣು ಮುಚ್ಚಿ ಬೇಡಿದ್ದು ಮಷೀನನ್ನಲ್ಲ, ಅದು ಲಾರಿಯಿಂದ ಇಳಿಯುವಾಗ ಅವನು ನಿಂತು ನೋಡಬೇಕು ಅನ್ನುವುದನ್ನು. ವಿವೇಕ ಬೇಡಿದ ಸೊಲೊಮೋನನಿಗೆ ದೇವರು ಹೇಳಿದ್ದನ್ನು (1 ಅರಸುಗಳು 3:11) ಅವತ್ತು ರಾತ್ರಿ ಮತ್ತೆ ಓದಿದೆ. ನೀನು ದೀರ್ಘಾಯುಸ್ಸು ಕೇಳಲಿಲ್ಲ, ಐಶ್ವರ್ಯ ಕೇಳಲಿಲ್ಲ, ಶತ್ರುಗಳ ಸಾವನ್ನು ಕೇಳಲಿಲ್ಲ ಎಂದು ಬರುತ್ತದಲ್ಲ, ಆ ಮೂರನೆಯದರ ಹತ್ತಿರ ನಿಂತುಬಿಟ್ಟೆ.

ಆಮೇಲೆ ಹುಟ್ಟಿದ್ದು ನನ್ನ ಮುಖ್ಯ ಪ್ರಶ್ನೆ. "ಇದು ಯಾರಿಗೂ ಗೊತ್ತಾಗದ ಹಾಗೆ ಸಿಕ್ಕರೆ, ಆಗಲೂ ಬೇಕಾ?" ಮಷೀನು ಹುಲಕೋಟಿಯ ಯಾವುದೋ ಗೋಡೌನಿನಲ್ಲಿ ಓಡುತ್ತಿದೆ, ಬೋರ್ಡಿಲ್ಲ, ಒಬ್ಬರಿಗೂ ಸುಳಿವಿಲ್ಲ ಎಂದು ಕಲ್ಪಿಸಿಕೊಂಡೆ. ಆಸೆ ಅರ್ಧಕ್ಕರ್ಧ ಇಳಿಯಿತು. ಕೋಣೆಯ ಬಾಗಿಲು ಮುಚ್ಚಿ ಬೇಡು ಅಂತ ಯೇಸು ಅಂದದ್ದು ಇದಕ್ಕೇ ಇರಬೇಕು. ನಾನು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ, ಆದರೆ ಇಡೀ ಬೆಟಗೇರಿಯನ್ನು ಒಳಗೆ ಕರೆದುಕೊಂಡ ಮೇಲೆ. ಇನ್ನೂ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ನೀವು ಉತ್ತರ ತಯಾರು ಮಾಡಿಕೊಂಡು ಕೂರುತ್ತೀರಿ.

ಸಭಾಪಾಲಕರಿಗೆ ಇದು ಹಿಡಿಸಲಿಲ್ಲ. "ಪ್ರಾರ್ಥನೆ ಅಂದ್ರ ವ್ಯಾಪಾರ ಏನಪ್ಪಾ?" ಅಂದರು. ನಾನೂ ಬಿಡಲಿಲ್ಲ. ಬ್ರಿಸ್ಟಲಿನಲ್ಲಿ 1836ರಲ್ಲಿ ಅನಾಥಾಲಯ ಶುರುಮಾಡಿದ ಜಾರ್ಜ್ ಮುಲ್ಲರ್ ಕೂಡ ಬೇಡಿದ್ದು, ಸಿಕ್ಕಿದ್ದು ಎಲ್ಲ ಬರೆದಿಟ್ಟಿದ್ದರಲ್ಲ ಅಯ್ಯನವರೇ ಅಂದೆ. "ಅವರು ಮಕ್ಕಳ ಊಟಕ್ಕ ಬೇಡಿದ್ರು. ನೀನು?" ಅಂದರು. ಸುಮ್ಮನೆ ಬಂದೆ. ಆ ಮಾತನ್ನೂ ಷರಾಕ್ಕೆ ಸೇರಿಸಿದೆ.

ಲೆಕ್ಕ ಕೇಳುವವರಿಗೆ: ಮೊದಲ ವರ್ಷ ಸುಮಾರು 130 ಬೇಡಿಕೆ ಬರೆದೆ. ಅದರಲ್ಲಿ ಐವತ್ತನ್ನಾದರೂ ನಾನೇ ಹೊಡೆದುಹಾಕಿದೆ. ದೇವರು ಇಲ್ಲ ಅನ್ನುವ ಮೊದಲೇ ನನಗೇ ನಾಚಿಕೆಯಾಯಿತು. ಉಳಿದವು ಬರೆಯುತ್ತ ಬರೆಯುತ್ತ ಬದಲಾದವು. ಮಷೀನಿನ ಸಾಲು ಹೋಗಿ "ಮೂವರು ಹುಡುಗರ ಪಗಾರ ತಿಂಗಳ 5ನೇ ತಾರೀಖಿಗೆ ತಪ್ಪದಿರಲಿ" ಎಂದಾಯಿತು. ಇದು ಯಾರಿಗೂ ಗೊತ್ತಾಗದಿದ್ದರೂ ನನಗೆ ಬೇಕಾಗಿತ್ತು. ಕೊಚ್ಚಿಕೊಳ್ಳುತ್ತೇನೆ ಅನ್ನಬೇಡಿ, ಇವತ್ತಿನವರೆಗೆ ಪಗಾರ ತಡವಾದದ್ದು ಎರಡೇ ಸಲ. 2020ರಲ್ಲಿ ಲಗ್ನಕ್ಕೆ 50 ಜನ ಅಂತಾದ ಮೇಲೆ ಪತ್ರಿಕೆ ಯಾರು ಅಚ್ಚು ಹಾಕಿಸ್ತಾರೆ? ಆಗಲೂ ಔಷಧಿ ಅಂಗಡಿಯವರ ಬಿಲ್ ಬುಕ್ಕು, ಕಿರಾಣಿ ಅಂಗಡಿಯ ಚೀಟಿ ಹೇಗೋ ಬಂದವು. ದೊಡ್ಡ ಮಷೀನಿನ ಕಂತು ತಲೆ ಮೇಲಿದ್ದಿದ್ದರೆ ಆ ವರ್ಷ ಶಟರ್ ಎಳೆಯುತ್ತಿದ್ದೆ.

ನಡುವೆ ಕೆಲವು ಹುಚ್ಚಾಟಗಳನ್ನೂ ಮಾಡಿದೆ. ಒಂದು ತಿಂಗಳು ಏನೂ ಬೇಡದೆ ಬರೀ ಸ್ತೋತ್ರ ಹೇಳುತ್ತೇನೆ ಅಂತ ಹೊರಟೆ. ಒಂಬತ್ತನೇ ದಿನ ಅರ್ಜೆಂಟ್ ಕೆಲಸದ ನಡುವೆ ಕರೆಂಟ್ ಹೋಯಿತು, ವ್ರತವೂ ಹೋಯಿತು. ಹೊತ್ತನ್ನೂ ಬದಲಿಸಿ ನೋಡಿದೆ. ರಾತ್ರಿ ಬಾಕಿ ವಸೂಲಿ ಮುಗಿಸಿ ಬಂದು ಬರೆದ ಷರಾಗಳಲ್ಲಿ ಬರೀ ಮಂದಿಯ ಹೆಸರು. ಬೆಳಿಗ್ಗೆ 5ಕ್ಕೆ ಬರೆದದ್ದರಲ್ಲಿ ಹೆಸರು ಕಡಿಮೆ. ಯಾಕೋ ಗೊತ್ತಿಲ್ಲ, ಬೆಳಿಗ್ಗೆ ಇನ್ನೂ ಯಾರ ಮುಖವನ್ನೂ ನೋಡಿರುವುದಿಲ್ಲ ಅಲ್ವಾ, ಅದಕ್ಕಿರಬಹುದು.

ಇನ್ನು ನನ್ನ ದೊಡ್ಡ ತಪ್ಪು. ಪುಸ್ತಕದ ಗುಂಗಿನಲ್ಲಿದ್ದಾಗ ಸಭೆಯ ಒಂದು ಮನೆಗೆ ಹೋಗಿದ್ದೆ. ಅವರ ಮಗು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿತ್ತು. "ಎಷ್ಟು ಬೇಡಿದರೂ ದೇವರು ಕೇಳವಲ್ಲ" ಎಂದು ಆ ತಾಯಿ ಅತ್ತಳು. ನಾನು ದೊಡ್ಡ ಮನುಷ್ಯನ ಹಾಗೆ, "ಉದ್ದೇಶ ಏನದ ಅಂತ ಒಮ್ಮೆ ಪರೀಕ್ಷಿಸಿ ನೋಡವ್ವಾ" ಅಂದೆ. ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಚಹಾ ಕುಡಿಯದೆ ಎದ್ದು ಬಂದೆ.

ಮಾರನೇ ವರ್ಷ ನಮ್ಮ ಅವ್ವ ಹಾಸಿಗೆ ಹಿಡಿದಳು. ಕಿಡ್ನಿ. ಪುಸ್ತಕದಲ್ಲಿ "ಅವ್ವ ಉಳೀಲಿ" ಎಂದು ಬರೆದೆ. ಷರಾ ಕಾಲಂನಲ್ಲಿ ಪೆನ್ನು ಓಡಲಿಲ್ಲ. "ಅವ್ವ ಬೇಕು" ಅಂತ ಬರೆದೆ, ಅಷ್ಟೇ. ನನ್ನ ಎರಡೂ ಪ್ರಶ್ನೆ ಕೇಳಿಕೊಂಡೆ. ಎರಡರಲ್ಲೂ ಪಾಸು. ಸುಮಾರು ನಲವತ್ತು ದಿನ ನರಳಿ ಅವ್ವ ಹೋದಳು. ಆರು ತಿಂಗಳು ಆ ಸಾಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಸ್ಪತ್ರೆ ಖರ್ಚು ಉಳಿಯಲಿ ಅನ್ನುವ ಲೆಕ್ಕ ಒಳಗೆ ಎಲ್ಲೋ ಇತ್ತಾ ಎಂದು ನನ್ನನ್ನೇ ಹಿಂಸೆ ಮಾಡಿಕೊಂಡೆ. ಕೊನೆಗೆ ಯೇಸು ಶಿಲುಬೆಯ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆಗೆ ಬಂದು ನಿಂತೆ. ಸಂಕಟದ ಈ ಪಾತ್ರೆಯನ್ನು ನನ್ನಿಂದ ತೆಗೆ ಎಂದು ಬೇಡಿದವನ ಷರಾದಲ್ಲಿ ಯಾವ ಹುಳುಕು ಹುಡುಕೋದು? ಪಾತ್ರೆಯಂತೂ ಹೋಗಲಿಲ್ಲ. ತನ್ನ ಮೈಯಲ್ಲಿನ ಮುಳ್ಳು ಹೋಗಲಿ ಎಂದು ಪೌಲನೂ ಮೂರು ಸಲ ಬೇಡಿದ, ಅದು ಹಾಗೇ ಉಳಿಯಿತು. ಈಗ ಅಂಥ ಸಾಲುಗಳಿಗೆ ಷರಾ ಬರೆಯುವುದಿಲ್ಲ. ಒಂದು ಗೆರೆ ಎಳೆದು ಬಿಡುತ್ತೇನೆ.

ಅವ್ವನ ಮಣ್ಣಿನ ದಿನ ನಮ್ಮ ಮನೆಗೆ ಮೊದಲು ಅನ್ನ ಸಾರು ತಂದವಳು ಆ ಮಗುವಿನ ತಾಯಿ. ಏನೂ ಅನ್ನಲಿಲ್ಲ. ಪಾತ್ರೆ ಇಳಿಸಿ, ಮಕ್ಕಳಿಗೆ ಬಡಿಸಿ ಹೋದಳು.

ಹಳೆಯ ಪಾಲುದಾರನ ವಿಷಯ ಕೇಳುತ್ತೀರಿ ಅಂತ ಗೊತ್ತು. ಅವನಿಗೋಸ್ಕರ ಬೇಡಲು ಶುರುಮಾಡಿದೆ. ಮೊದಲ ಷರಾ: "ನಾನು ಒಳ್ಳೆಯವನು ಅನ್ನಿಸಿಕೊಳ್ಳಲಿಕ್ಕೆ." ಹೊಡೆದುಹಾಕಿದೆ. ಎರಡನೆಯದೂ ಅಷ್ಟೇ. ನಾಲ್ಕನೆಯದೋ ಐದನೆಯದೋ ನಿಂತಿತು. ಹೋದ ದೀಪಾವಳಿ ಸುಮಾರಿಗೆ ಅವನ ಕಟಿಂಗ್ ಮಷೀನಿನ ಬ್ಲೇಡು ಕೆಟ್ಟಿತ್ತಂತೆ, ಫೋನ್ ಮಾಡಿದ. ಎಂಟು ರೀಮು ಕತ್ತರಿಸಿ ಕಳಿಸಿದೆ. ದುಡ್ಡು ತಗೊಳ್ಳಲಿಲ್ಲ. ಅವನು 85 ಸಾವಿರದ ಮಾತೂ ಎತ್ತಲಿಲ್ಲ.

ಆ 85 ಸಾವಿರ ಈಗಲೂ ಪುಸ್ತಕದಲ್ಲಿದೆ. ಷರಾದಲ್ಲಿ ನಾನು "ನ್ಯಾಯಕ್ಕಾಗಿ" ಎಂದು ಬರೆದಿದ್ದೆ. ಹೆಂಡತಿ ಅದನ್ನು ಹೊಡೆದು ಕೆಳಗೆ ಬರೆದಿದ್ದಾಳೆ: "ಎರಡು ಬಳಿ. ನನಗ." ಆ ಸಾಲನ್ನು ನಾನು ಮುಟ್ಟಿಲ್ಲ.