ಅವರೆಕಾಯಿ ಸುಲಿಯುತ್ತಾ ಅಮ್ಮನ ಮಾತು ಬರೆದುಕೊಂಡೆ

ನಮ್ಮ ಮನೆಯ ಹಳೆಯ ಸಂಗತಿಗಳನ್ನು ಬರೆದಿಡಬೇಕೆಂದು ತೀರ್ಮಾನಿಸಿದಾಗ ಅದಕ್ಕೆ ನಾನು ಆರಿಸಿಕೊಂಡದ್ದು ಅವರೆಕಾಯಿಯ ಕಾಲವನ್ನು. ಶಿಡ್ಲಘಟ್ಟದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ಜಗಲಿಯ ಮೇಲೆ ಕಾಯಿಯ ರಾಶಿ ಬೀಳುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಅವರೆ, ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ. ಆ ರಾಶಿಯ ಮುಂದೆ ಕುಳಿತವರು ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಕೈಗೆ ಕೆಲಸವಿರುತ್ತದೆ, ಕಣ್ಣು ಕಾಯಿಯ ಮೇಲಿರುತ್ತದೆ, ಬಾಯಿಗೆ ಮಾತ್ರ ಬಿಡುವು. ಮಾತು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ತಿಳಿದಿಲ್ಲ.

"ಅಮ್ಮ, ನಿನ್ನ ಬದುಕಿನ ಬಗ್ಗೆ ಹೇಳು" ಎಂದು ಎದುರಿಗೆ ಕುಳಿತು ಕೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಸಂಕೋಚವಾಗುತ್ತದೆ. "ನನ್ನದೇನಿದೆ ಹೇಳುವುದಕ್ಕೆ, ಎಲ್ಲರೂ ಬಾಳಿದ ಹಾಗೆ ನಾನೂ ಬಾಳಿದೆ" ಎಂದು ಅಲ್ಲಿಗೇ ಮುಗಿಸುತ್ತಾರೆ. ಎದುರುಬದುರು ಕುಳಿತರೆ ಅದು ವಿಚಾರಣೆ, ಪಕ್ಕದಲ್ಲಿ ಕುಳಿತರೆ ಹರಟೆ. ಆದ್ದರಿಂದ ನಾನು ಅಮ್ಮನ ಪಕ್ಕದಲ್ಲಿ ಕುಳಿತೆ, ಇಬ್ಬರ ಮುಂದೆಯೂ ಒಂದೇ ಮೊರ. ಮೊಬೈಲ್ ಅನ್ನು ಮಡಿಸಿದ ಟವೆಲಿನ ಮೇಲೆ ಅವಳ ಮೊಣಕಾಲಿನ ಹತ್ತಿರ ಇಟ್ಟೆ. ಬರಿಯ ನೆಲದ ಮೇಲಿಟ್ಟರೆ ಕಾಯಿ ಮುರಿಯುವ ಸದ್ದು, ಕಾಳು ಮೊರಕ್ಕೆ ಬೀಳುವ ಸದ್ದು ಮಾತನ್ನು ನುಂಗಿಬಿಡುತ್ತವೆ. "ಅಮ್ಮ, ನೀನು ಹೇಳುವುದನ್ನು ಇದರಲ್ಲಿ ಹಿಡಿದಿಡುತ್ತೇನೆ, ಮಕ್ಕಳಿಗೆ ಬೇಕಾಗುತ್ತದೆ" ಎಂದು ಮೊದಲೇ ಹೇಳಿದೆ. ಹೇಳದೆ ಧ್ವನಿ ಹಿಡಿಯುವುದು ಹೆತ್ತ ತಾಯಿಗೂ ಮಾಡಬಾರದ ಕೆಲಸ.

ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ಎಲ್ಲವೂ ಕಣ್ಣಿಗೆ ಕಾಣುವ ವಸ್ತುಗಳ ಮೇಲೆ, ಕಾಲು ಊರಿದ ಜಾಗಗಳ ಮೇಲೆ. ಕುಡಿಯುವ ನೀರು ಯಾವ ಬಾವಿಯಿಂದ ಬರುತ್ತಿತ್ತು? ಬೆಳಗಿನ ಜಾವ ಮನೆಯಲ್ಲಿ ಮೊದಲು ಏಳುತ್ತಿದ್ದವರು ಯಾರು? ನೆಲದೊಳಗಿನ ಕಾಳಿನ ಗುಂಡಿಗೆ, ಅಂದರೆ ಹಗೇವಿಗೆ, ರಾಗಿ ತುಂಬುವಾಗ ಒಳಗೆ ಇಳಿಯುತ್ತಿದ್ದವರು ಯಾರು? ಹೊಸ ಸೀರೆ ಬಂದರೆ ಯಾವ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ? "ಆಗಿನ ಕಾಲ ಹೇಗಿತ್ತು" ಎಂದು ಕೇಳಿದರೆ "ಕಷ್ಟ ಇತ್ತು, ಪ್ರೀತಿ ಇತ್ತು" ಎಂಬ ಉತ್ತರ ಬರುತ್ತದೆ. ಅದು ನಿಜವೇ, ಆದರೆ ಅದರಿಂದ ಮುಂದಕ್ಕೆ ದಾರಿ ಇಲ್ಲ. "ಬಾವಿಗೆ ಹೋಗುವಾಗ ಯಾರ ಮನೆಯ ಮುಂದೆ ಹಾದು ಹೋಗಬೇಕಿತ್ತು" ಎಂದು ಕೇಳಿದರೆ ಆ ಬೀದಿಯ ಅಷ್ಟೂ ಮನೆಗಳು, ಅಲ್ಲಿದ್ದ ಜನ, ಯಾರ ಮನೆಯ ನಾಯಿ ಕಚ್ಚುತ್ತಿತ್ತು ಎಂಬುದೂ ಸೇರಿ ಹೊರಬರುತ್ತದೆ.

ನನಗೆ ಅತ್ಯಂತ ಹೆಚ್ಚು ಕೊಟ್ಟದ್ದು ಮಾತ್ರ ಮನೆಯ ನಕ್ಷೆ. ನಮ್ಮ ಹಳೆಯ ಮೂರಂಕಣದ ಮನೆ ಈಗ ಇಲ್ಲ, ಅದೇ ಜಾಗದಲ್ಲಿ ತಾರಸಿ ಮನೆ ನಿಂತಿದೆ. ಒಂದು ಸಂಜೆ ಸುಲಿದ ಅವರೆ ಸಿಪ್ಪೆಗಳನ್ನು ಸಾಲಾಗಿ ಇಟ್ಟು ನೆಲದ ಮೇಲೆ ಆ ಮನೆಯ ಗೋಡೆಗಳನ್ನು ಹಾಕಿದೆ. ಜಗಲಿ, ನಡುಮನೆ, ಅಡುಗೆಮನೆ, ಹಿಂದೆ ಕೊಟ್ಟಿಗೆ. ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಬಗ್ಗಿ ನೋಡಿದಳು. "ಅಡುಗೆಮನೆ ಬಾಗಿಲು ಅಲ್ಲಲ್ಲ, ಇಲ್ಲಿ" ಎಂದು ಸಿಪ್ಪೆಗಳನ್ನು ಸರಿಸಿದಳು. ಆಮೇಲೆ ಒಂದೊಂದೇ ಕಾಳು ತೆಗೆದು ಯಾರು ಎಲ್ಲಿ ಮಲಗುತ್ತಿದ್ದರೆಂದು ಇಡುತ್ತಾ ಹೋದಳು. ತಾತ ಜಗಲಿಯ ಕಂಬದ ಹತ್ತಿರ. ಅಜ್ಜಿ ಹಗೇವಿನ ಬಾಯಿಯ ಪಕ್ಕ, ರಾಗಿಯ ಮೇಲೆ ಕಣ್ಣಿಟ್ಟು. ಮದುವೆಯಾಗದ ಅತ್ತೆಯಂದಿರು ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ. ಹೊಸ ಸೊಸೆಯಾಗಿ ಬಂದ ಅಮ್ಮ ಮೊದಲ ವರ್ಷವೆಲ್ಲಾ ಅಡುಗೆಮನೆಯಲ್ಲಿ, ಒಲೆಯ ಬಿಸಿ ಆರದ ಗೋಡೆಗೆ ಬೆನ್ನು ಕೊಟ್ಟು.

ನಾನು ಕೇಳಿದೆ: "ಹುಳು ಇದ್ದಾಗ?"

ಅಮ್ಮ ನಕ್ಕು ಎಲ್ಲಾ ಕಾಳುಗಳನ್ನು ಒಂದೇ ಕೈಯಲ್ಲಿ ಬಾಚಿ ಹೊರಗಿನ ಜಗಲಿಗೆ ತಂದು ಹಾಕಿದಳು. ರೇಷ್ಮೆ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತ್ಯೇಕ ಹುಳುಮನೆ ಕಟ್ಟುವ ಶಕ್ತಿ ಇಲ್ಲದ ಕಾಲದಲ್ಲಿ ಮನೆಯೇ ಹುಳುಮನೆ. ಮೊಟ್ಟೆ ಒಡೆದು ಬಂದಾಗ ಎಲ್ಲಾ ಹುಳುಗಳೂ ಒಂದು ತಟ್ಟೆಯಲ್ಲಿ ಹಿಡಿಸುತ್ತವೆ. ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತೇವೆ; ಅಂಥ ನಾಲ್ಕು ಜ್ವರ ಕಳೆದು ಕೊನೆಯ ಹಂತಕ್ಕೆ ಬಂದಾಗ ನಡುಮನೆ ಪೂರ್ತಿ ಅವುಗಳದ್ದು, ಮನುಷ್ಯರು ಬಯಲಿಗೆ. ರಾತ್ರಿ ಸೊಪ್ಪು ಹಾಕಿ ಬಂದು ಮಲಗಿದರೆ ಒಳಗಿನಿಂದ ಹುಳುಗಳು ಹಿಪ್ಪುನೇರಳೆ ಎಲೆ ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ಆ ಸದ್ದು ಕೇಳುತ್ತಾ ನಿದ್ದೆ ಹೋಗುವುದೇ ಒಂದು ಸುಖ ಎಂದು ಅಮ್ಮ ಹೇಳಿದಳು. ಅಷ್ಟು ದುಡಿದು, ಜಗಲಿಯ ಚಳಿಯಲ್ಲಿ ಮುದುಡಿ ಮಲಗಿದ ಹೆಂಗಸಿಗೆ ಆ ಹೊತ್ತಿನಲ್ಲೂ ಸುಖ ಎನ್ನುವುದಕ್ಕೆ ಒಂದು ಇತ್ತು. ಇದು ನನಗೆ ಅದುವರೆಗೆ ತಿಳಿದೇ ಇರಲಿಲ್ಲ. ಸದ್ದು ಕಡಿಮೆಯಾದರೆ ಅವಳಿಗೆ ನಿದ್ದೆಯಲ್ಲೂ ಎಚ್ಚರವಾಗುತ್ತಿತ್ತಂತೆ. ಹುಳು ಜ್ವರಕ್ಕೆ ಕುಳಿತಿರಬೇಕು, ಇಲ್ಲವೇ ಸೊಪ್ಪು ಮುಗಿದಿರಬೇಕು.

ಹುಳು ಹಣ್ಣಾದ ದಿನ ಊರಿನ ನೆಂಟರಿಷ್ಟರೆಲ್ಲಾ ಬಂದು ಕೈ ಹಾಕುತ್ತಿದ್ದರು. ಮೇಯುವುದನ್ನು ಬಿಟ್ಟು, ಮೈ ಬಣ್ಣ ತಿರುಗಿ, ತಲೆ ಎತ್ತಿ ಆಡಿಸುವ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು, ತಡ ಮಾಡುವಂತಿಲ್ಲ. ಅಂದು ಮಾತ್ರ ಅಜ್ಜಿ ಬಂದವರಿಗೆಲ್ಲಾ ಅನ್ನ ಮಾಡಿಸುತ್ತಿದ್ದರಂತೆ, ಮಿಕ್ಕ ದಿನ ಮುದ್ದೆಯೇ. ಸೊಪ್ಪು ಹೆಚ್ಚುವಾಗ ಅವರು ಕೈವಾರದ ತಾತಯ್ಯನವರ ಪದಗಳನ್ನು ಹಾಡುತ್ತಿದ್ದರು. ತೆಲುಗಿನವೂ ಕನ್ನಡದವೂ ಬೆರೆತು ಬರುತ್ತಿದ್ದವು. ನಮ್ಮ ಕಡೆ ಎರಡೂ ಮನೆಮಾತೇ. ಅವುಗಳಲ್ಲಿ ನೆನಪಿದ್ದಷ್ಟನ್ನು ಅಮ್ಮ ಹಾಡಿದಳು, ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ. ನಮ್ಮ ಅಟ್ಟದ ಮೇಲೆ ಈಗಲೂ ಬಿದಿರಿನ ಒಂದು ಚಂದ್ರಿಕೆ ಇದೆ. ಅದನ್ನು ಕೆಳಗಿಳಿಸಿ ಒರೆಸಿ ಅವಳ ಮುಂದೆ ಒರಗಿಸಿದ ಮೇಲೆ ಮಾತು ಇನ್ನಷ್ಟು ದೂರ ಹೋಯಿತು. ಗೂಡು ಬಿಡಿಸುವಾಗ ಹಾಡುತ್ತಿದ್ದ ಅತ್ತೆ, ಮೂಟೆ ಹೊತ್ತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡುತ್ತಿದ್ದ ಅಪ್ಪ, ಒಳ್ಳೆಯ ಬೆಲೆ ಸಿಕ್ಕ ದಿನ ಅವರು ತರುತ್ತಿದ್ದ ಖಾರಾಬೂಂದಿಯ ಪೊಟ್ಟಣ. ಪೊಟ್ಟಣ ಇಲ್ಲದೆ ಬಂದರೆ ಯಾರೂ ಬೆಲೆ ಕೇಳುತ್ತಿರಲಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅವರ ಬಗ್ಗೆ ಅಮ್ಮ ಅಷ್ಟು ಹೊತ್ತು ಒಂದೇ ಸಮನೆ ಮಾತನಾಡಿದ್ದನ್ನು ನಾನು ಕೇಳಿದ್ದು ಅಂದೇ.

ಒಂದು ಸಲ ಅವಳು ಮಾತು ನಿಲ್ಲಿಸಿ, "ಇದನ್ನು ಅದರಲ್ಲಿ ಹಿಡಿಯಬೇಡ" ಎಂದಳು. ಮೊಬೈಲ್ ಆರಿಸಿ ಒಳಗಿಟ್ಟು ಬಂದು ಕೇಳಿದೆ. ಆ ಭಾಗ ಪುಸ್ತಕದಲ್ಲಿಲ್ಲ, ಇಲ್ಲಿಯೂ ಇಲ್ಲ.

ಇನ್ನು ಕಾಲದ ಲೆಕ್ಕ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಆದರೆ ಅವರ ಬಳಿ ಬೇರೆ ಗುರುತುಗಳಿವೆ. ಅವುಗಳನ್ನು ಇಸವಿಗೆ ಹೊಂದಿಸುವ ಕೆಲಸ ನಮ್ಮದು. ಇದನ್ನು ನಾನು ತುಂಬಾ ಆಸೆಯಿಂದ ಮಾಡಿದೆ. ಅಮ್ಮನ ಮದುವೆಯ ಕರೆಯೋಲೆಯಲ್ಲಿ "ಸಾಧಾರಣನಾಮ ಸಂವತ್ಸರದ ವೈಶಾಖ ಶುದ್ಧ" ಎಂದಷ್ಟೇ ಓದಲು ಬರುತ್ತಿತ್ತು, ಮಿಕ್ಕದ್ದನ್ನು ಗೆದ್ದಲು ತಿಂದಿತ್ತು. ಸಂವತ್ಸರ ಅರವತ್ತು. 1987ರ ಯುಗಾದಿಗೆ ಪ್ರಭವದಿಂದ ಹೊಸ ಸುತ್ತು ಶುರುವಾಯಿತು ಎಂಬುದೊಂದು ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಬಹುದು. ಸಾಧಾರಣ ಎಂದರೆ 1970ರ ಯುಗಾದಿಯಿಂದ 1971ರ ಯುಗಾದಿಯವರೆಗೆ. ವೈಶಾಖ ಶುದ್ಧ ಆದ್ದರಿಂದ 1970ರ ಮೇ ತಿಂಗಳು. ಅಜ್ಜಿ ಹೋದದ್ದು ರಕ್ತಾಕ್ಷಿಯಲ್ಲಿ ಎಂದು ಚಿಂತಾಮಣಿಯ ಅತ್ತೆ ಹೇಳಿದರು. ಇಂದಿರಾ ಗಾಂಧಿಯವರನ್ನು ಕೊಂದ ವರ್ಷ ಎಂದು ಅಮ್ಮ ಹೇಳಿದಳು. ಎರಡೂ ಒಂದೇ: 1984. ಒಬ್ಬರಿಗೊಬ್ಬರು ಕೇಳಿಸಿಕೊಳ್ಳದಂತೆ ಇಬ್ಬರು ಹೇಳಿದ ಮಾತು ಹೀಗೆ ಕೂಡಿದಾಗ ಅದನ್ನು ಧೈರ್ಯವಾಗಿ ಶಾಯಿಯಲ್ಲಿ ಬರೆದೆ. ಕೂಡದಿದ್ದದ್ದನ್ನು ಪೆನ್ಸಿಲಿನಲ್ಲಿ ಬರೆದೆ.

ತಮ್ಮನ ಹುಟ್ಟಿದ ದಿನ ಸಿಕ್ಕಿದ್ದೂ ಹೀಗೆಯೇ. ಶಾಲೆಯ ದಾಖಲೆಯಲ್ಲಿ ಅವನದ್ದು ಜೂನ್ 1. ನಮ್ಮ ವಯಸ್ಸಿನ ಎಷ್ಟೋ ಹಳ್ಳಿ ಮಕ್ಕಳ ದಾಖಲೆಯಲ್ಲಿ ಅದೇ ದಿನಾಂಕವಿದೆ. ಅಮ್ಮ ಕಾಯಿ ಸುಲಿಯುತ್ತಾ, "ದೊಡ್ಡ ಗ್ರಹಣದ ದಿನ ಇವನಿಗೆ ತಿಂಗಳು ತುಂಬಿತ್ತು. ಮಧ್ಯಾಹ್ನವೇ ಕತ್ತಲೆಯಾದ ಹಾಗಾಯಿತು. ನಿಮ್ಮ ಅಜ್ಜಿ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿದ್ದರು, ನಾನು ಇವನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಿದ್ದೆ" ಎಂದಳು. ಯಾವಾಗ ಎಂದರೆ, "ಶಿವರಾತ್ರಿ ಆದ ಮೇಲಿನ ಅಮಾವಾಸ್ಯೆ, ನಂದಿಯ ತೇರಿಗೆ ಬಾಣಂತಿ ಎಂದು ನನ್ನನ್ನು ಕಳುಹಿಸಲಿಲ್ಲ" ಎಂದಳು. 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ ಸೂರ್ಯಗ್ರಹಣವಾಯಿತು. ಕಾರವಾರದಿಂದ ರಾಯಚೂರಿನವರೆಗೆ ಪೂರ್ಣವಾಗಿ ಕಂಡಿತ್ತು, ನಮ್ಮ ಕಡೆ ಸೂರ್ಯನ ಬಹುಭಾಗ ಮುಚ್ಚಿತ್ತು. ಅದು ಮಾಘ ಅಮಾವಾಸ್ಯೆಯೇ. ಅಲ್ಲಿಂದ ತಿಂಗಳು ಹಿಂದಕ್ಕೆ ಹೋದರೆ ಸಂಕ್ರಾಂತಿಯ ಆಸುಪಾಸು. "ಹೌದು, ಎಳ್ಳು ಬೀರಿದ್ದು ಮುಗಿದಿತ್ತು" ಎಂದಳು ಅಮ್ಮ. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನಿಗೆ ಫೋನ್ ಕೊಡು ಎಂದ. ಈಗ ಜನವರಿಯ ಮೂರನೆಯ ವಾರದಲ್ಲಿ ಒಂದು ಭಾನುವಾರ ನೋಡಿ ಅವನು ಹೆಂಡತಿ ಮಕ್ಕಳೊಂದಿಗೆ ಊರಿಗೆ ಬರುತ್ತಾನೆ. ಹಿತಕಿದ ಬೇಳೆ ಸಾರು, ಮುದ್ದೆ. ಹಿಂದಿನ ರಾತ್ರಿಯೇ ಕಾಳು ನೆನೆಸಿಟ್ಟು, ಬೆಳಿಗ್ಗೆ ಎಲ್ಲರೂ ಸುತ್ತ ಕುಳಿತು ಹಿತಕುತ್ತೇವೆ. ಚಿಕ್ಕ ಮಕ್ಕಳ ಬೆರಳಿನಿಂದ ಬೇಳೆ ಚಿಮ್ಮಿ ಗೋಡೆಗೆ ಹೊಡೆಯುತ್ತದೆ. ಅಮ್ಮ ಬಯ್ಯುವುದಿಲ್ಲ.

ಬರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲಾಂಗ್ ಬುಕ್ಕಿನ ಎಡಪುಟದಲ್ಲಿ ಅಮ್ಮ ಆಡಿದ ಮಾತು, ಅವಳದೇ ಪದಗಳಲ್ಲಿ, ಅರ್ಥವಾಗದ ಪದವಿದ್ದರೂ ತಿದ್ದದೆ. ಬಲಪುಟ ಖಾಲಿ. ಕೇಳಿದ ದಿನವೇ ಅಥವಾ ಮರುದಿನವೇ ಬರೆಯಬೇಕು, ಇಲ್ಲದಿದ್ದರೆ "ಅವನು", "ಅಲ್ಲಿ" ಎಂದು ಅವಳು ಹೇಳಿದ್ದು ಯಾರು, ಎಲ್ಲಿ ಎಂಬುದು ನಮಗೇ ಮರೆಯುತ್ತದೆ. ಧ್ವನಿಯ ಪ್ರತಿ ತುಣುಕಿಗೂ ದಿನಾಂಕದ ಜೊತೆ ವಸ್ತುವಿನ ಹೆಸರು ಕೊಟ್ಟೆ: ಬಾವಿ, ಚಂದ್ರಿಕೆ, ಹಗೇವು, ಒನಕೆ. ಈಗ ಹುಡುಕುವುದು ಸುಲಭ. ಹಳೆಯ ಪಹಣಿ, ಶಾಲೆಯ ವರ್ಗಾವಣೆ ಪತ್ರಗಳ ಪ್ರತಿಯನ್ನೂ ಅಂಟಿಸಿದ್ದೇನೆ. ಎಲ್ಲದರ ಮೇಲೂ "ಕೋಲಾರ ಜಿಲ್ಲೆ" ಎಂದಿದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ ಎಂದು ಕೆಳಗೆ ಬರೆದಿದ್ದೇನೆ, ಮುಂದೆ ಓದುವ ಮಕ್ಕಳು ನಾವು ವಲಸೆ ಬಂದವರೆಂದು ತಿಳಿಯಬಾರದು.

ಪುಸ್ತಕದ ಪ್ರತಿ ತೆಗೆಸಿ ಅತ್ತೆಯಂದಿರಿಗೆ, ಚಿಕ್ಕಪ್ಪನಿಗೆ, ತಮ್ಮನಿಗೆ ಕೊಟ್ಟೆ. ಬಲಪುಟ ನಿಮಗೆ ಎಂದು ಹೇಳಿ, ಜೊತೆಗೆ ಒಂದೊಂದು ಪೆನ್ನನ್ನೂ ಕೊಟ್ಟೆ. ಪೆನ್ನು ಕೈಗಿಟ್ಟರೆ ಬರೆಯುತ್ತಾರೆ, ಬರೀ ಪುಸ್ತಕ ಕೊಟ್ಟರೆ ಪೆಟ್ಟಿಗೆಗೆ ಹೋಗುತ್ತದೆ. ಚಿಕ್ಕಪ್ಪ ಸಣ್ಣ ಹಳಿಯ ರೈಲಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಬಂಗಾರಪೇಟೆ ಕಡೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಬರುತ್ತಿದ್ದ ಆ ರೈಲಿನಲ್ಲಿ ಅವರು ಕಾಲೇಜಿಗೆ ಹೋಗಿದ್ದವರು. ಅದು ನಿಂತ ಮೇಲೆ 2013ರಲ್ಲಿ ದೊಡ್ಡ ಹಳಿಯ ರೈಲು ಬರುವವರೆಗಿನ ಕಾಲವನ್ನು "ಬಸ್ಸಿನ ಕಾಲ" ಎಂದು ಬೇರೆ ಅಧ್ಯಾಯವನ್ನೇ ಮಾಡಿದ್ದಾರೆ. ಚಿಂತಾಮಣಿಯ ಅತ್ತೆಗೆ ಕಣ್ಣು ಮಂಜು. ಅವರ ಮೊಮ್ಮಗಳು ಓದಿ ಹೇಳುತ್ತಾಳೆ, ಅವರು ಹೇಳಿದ್ದನ್ನು ಬಲಪುಟದಲ್ಲಿ ಬರೆಯುತ್ತಾಳೆ. ಮನೆಯ ನಕ್ಷೆಯ ಪುಟಕ್ಕೆ ಬಂದಾಗ ಅವರು ಹೇಳಿ ಬರೆಸಿದ್ದು ಇದು: "ಅತ್ತಿಗೆ ಮರೆತಿದ್ದಾಳೆ. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಮಲಗುತ್ತಿರಲಿಲ್ಲ. ಹೊಸ ಹುಡುಗಿ, ಹೆದರಿಕೊಳ್ಳುತ್ತಾಳೆಂದು ದೀಪ ಆರಿದ ಮೇಲೆ ನಾನು ಎದ್ದು ಅವಳ ಪಕ್ಕಕ್ಕೆ ಹೋಗುತ್ತಿದ್ದೆ. ಬೆಳಗಿನ ಜಾವ ಅವಳು ಏಳುವ ಮೊದಲೇ ಬಂದುಬಿಡುತ್ತಿದ್ದೆ." ಇದನ್ನು ಅಮ್ಮನಿಗೆ ಓದಿ ಹೇಳಿದ ದಿನ ಮಧ್ಯಾಹ್ನದ ಬಸ್ಸಿಗೇ ಅವಳು ಚಿಂತಾಮಣಿಗೆ ಹೊರಟಳು. ಚೀಲದ ತುಂಬಾ ಅವರೆಕಾಯಿ ತುಂಬಿಕೊಟ್ಟೆ.