ಆಟಿಸಂ ಇರೋ ದೊಡ್ಡೋರನ್ನೇ ನೇರವಾಗಿ ಕೇಳಿದ ಅನುಭವ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಆಟಿಸಂ (ಜನರ ಜೊತೆ ಮಾತಾಡೋ, ಬೆರೆಯೋ, ಸದ್ದು ಬೆಳಕು ಗ್ರಹಿಸೋ ರೀತಿ ಚಿಕ್ಕಂದಿನಿಂದಲೇ ಬೇರೆ ಇರೋದು) ಇರೋ ದೊಡ್ಡೋರು ಕೆಲಸ, ಮನೆ, ಓಡಾಟ ಎಲ್ಲಾ ಹೇಗೆ ನಿಭಾಯಿಸ್ತಾರೆ ಅಂತ ತಿಳ್ಕೊಳ್ಳೋಕೆ ನಾನೊಂದು ಸ್ಟಡಿ ಮಾಡ್ದೆ. ಶುರು ಮಾಡೋ ಮುಂಚೆ ಸುಮಾರು ಜನ ಹೇಳಿದ್ದು ಒಂದೇ ಮಾತು, "ಅವರೆಲ್ಲಿ ಬರ್ತಾರೆ ಮೇಡಂ, ಅಪ್ಪ ಅಮ್ಮನ್ನ ಕೇಳಿದ್ರೆ ಸಾಕಲ್ವಾ" ಅಂತ. ಬರ್ತಾರೆ. ಅಲ್ಲಿ ಏನೇನು ನಡೆಯುತ್ತೆ ಅಂತ ಮೊದಲೇ ಗೊತ್ತಿದ್ರೆ ಖಂಡಿತ ಬರ್ತಾರೆ.

ಫೋನ್ ಮಾಡಿ ಕರೆಯೋದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ, ಯಾಕಂದ್ರೆ ಗೊತ್ತಿಲ್ಲದ ನಂಬರಿಂದ ಕಾಲ್ ಬಂದ್ರೆನೇ ಕೆಲವರಿಗೆ ಇಡೀ ದಿನ ಹಾಳು. ವಾಟ್ಸಾಪ್‌ನಲ್ಲಿ ಬರೆದು ಕಳಿಸ್ತಿದ್ದೆ: ರೂಮಿನ ಫೋಟೋ, ಯಾರ್ಯಾರು ಇರ್ತಾರೆ, ಎಷ್ಟೊತ್ತು ಆಗುತ್ತೆ, ರೆಕಾರ್ಡ್ ಮಾಡ್ತೀವಾ ಇಲ್ವಾ, ಜೊತೆಗೆ ಎಲ್ಲಾ ಪ್ರಶ್ನೆಗಳೂ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋ ಒಬ್ರು ಆ ಫೋಟೋ ನೋಡಿ ಕೇಳಿದ್ದು, "ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಾ?" ಹೌದು, ಅನ್ನುತ್ತಿತ್ತು. ಅದನ್ನ ಆರಿಸಿ ಕಿಟಕಿ ಪಕ್ಕ ಕುರ್ಚಿ ಹಾಕಿ ಮತ್ತೆ ಫೋಟೋ ಕಳಿಸಿದ ಮೇಲೆ ಬಂದ್ರು. ಅವರಿಗೆ "ಕೆಲಸ ಹೇಗಿದೆ" ಅಂತ ಕೇಳಿದ್ರೆ ಉತ್ತರ ಇಲ್ಲ, "ನಿನ್ನೆ ಮಂಡಿಗೆ ಹೋದ್ಮೇಲೆ ಮೊದಲು ಏನು ಮಾಡಿದ್ರಿ" ಅಂದಿದ್ದಕ್ಕೆ ಹಮಾಲರ ಕೂಗು, ಮೂಟೆ ಎಸೆಯೋ ಸದ್ದು, ಆ ಸದ್ದಲ್ಲಿ ಕೂಡಿಸಿದ ಲೆಕ್ಕ ತಪ್ಪೋದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೂತು ಪೂರ್ತಿ ಮತ್ತೆ ಬರೆಯೋದು, ಎಲ್ಲಾ ಹೇಳಿದ್ರು.

ಪ್ರಶ್ನೆಗಳನ್ನೂ ನಾನೊಬ್ಬಳೇ ಬರೆದಿದ್ದಲ್ಲ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಆಸ್ಪೈರ್ ಅನ್ನೋ ಗುಂಪಲ್ಲಿ ಆಟಿಸಂ ಇರೋರೂ ಸಂಶೋಧಕರೂ ಸಮನಾಗಿ ಕೂತು ಸ್ಟಡಿ ಮಾಡ್ತಾರೆ, ನಾನೂ ಅದೇ ದಾರಿ ಹಿಡಿದು ಆಟಿಸಂ ಇರೋ ಇಬ್ಬರ ಹತ್ರ ಮೊದಲು ಓದಿಸ್ದೆ, ಅವರು ಹೊಡೆದು ಹಾಕಿದ ಪ್ರಶ್ನೆ ಮತ್ತೆ ಸೇರಿಸಲಿಲ್ಲ.

ಹಿಂದೆ ಸರಿದವರಿಗೂ ಕಾರಣ ಇತ್ತು. ಸಣ್ಣ ಊರು, ಯಾರ ಮಗಳು ಯಾರ ಮಗ ಅಂತ ಎಲ್ಲರಿಗೂ ಗೊತ್ತು, ಹೆಸರು ಹೊರಗೆ ಬಂದ್ರೆ ಮದುವೆ ಮಾತು ನಿಂತು ಹೋಗುತ್ತೆ ಅನ್ನೋ ಭಯ. ಅದು ಸುಳ್ಳು ಭಯ ಅಲ್ಲ, ಅದಕ್ಕೇ ಒತ್ತಾಯ ಮಾಡಲಿಲ್ಲ. ಇನ್ನು ಆಟಿಸಂ ಇದೆ ಅನ್ನೋ ಸರ್ಟಿಫಿಕೇಟ್. ಆಟಿಸಂ ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಗೆ ಸೇರಿದ್ದೇ 2016ರಲ್ಲಿ, ನಲವತ್ತು ದಾಟಿದವರ ಹತ್ರ ಕಾಗದ ಎಲ್ಲಿಂದ ಬರಬೇಕು? ಕಾಗದ ಇಲ್ಲದವರನ್ನೂ ಸೇರಿಸ್ಕೊಂಡೆ, ಅದನ್ನ ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ಕೆಲವರಂತೂ ಹಿಂದೆ ಬೇರೆಯವರ ಸ್ಟಡಿಗೆ ಗಂಟೆಗಟ್ಟಲೆ ಉತ್ತರ ಕೊಟ್ಟು ಆಮೇಲೆ ಒಂದು ಸಾಲಿನ ಸುದ್ದಿನೂ ಬರದೆ ಬೇಸತ್ತಿದ್ರು, ನನಗೆ ಅತಿ ಸಿಟ್ಟು ಬರೋದು ಇದಕ್ಕೆ.

ಸಾಗರದ ಒಂದು ಮನೆಯಲ್ಲಿ ಅಮ್ಮ "ಇವಳಿಗೆ ಹೇಳಕ್ಕೆ ಬರಲ್ಲ, ನಾನೇ ಹೇಳ್ತೀನಿ" ಅಂದ್ರು. ಮಗಳು ಟೈಪ್ ಮಾಡ್ತಾರೆ ಅಂತ ನನಗೆ ಗೊತ್ತಿತ್ತು. "ಅಮ್ಮಾ, ನಿಮ್ಮ ಮಾತು ಆಮೇಲೆ ಕೇಳ್ತೀನಿ, ಈಗ ಸ್ವಲ್ಪ ಕಾಯೋಣ" ಅಂದೆ. ತುಂಬಾ ಹೊತ್ತು ಮಳೆ ಸದ್ದು ಬಿಟ್ರೆ ಏನಿಲ್ಲ, ಆಮೇಲೆ ಮಗಳು ಮೊಬೈಲ್ ನನ್ನ ಕಡೆ ತಿರುಗಿಸಿದ್ರು: "ಅರ್ಧಕ್ಕೆ ನಿಲ್ಲಿಸಬಹುದಾ?" ಜನರ ಮೇಲೆ ಸ್ಟಡಿ ಮಾಡೋರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟಿರೋ 2017ರ ಮಾರ್ಗಸೂಚಿಯಲ್ಲೇ ಇದೆ, ಯಾವಾಗ ಬೇಕಾದ್ರೂ ಬಿಡಬಹುದು, ಬಿಟ್ರೆ ಏನೂ ತೊಂದ್ರೆ ಇಲ್ಲ ಅಂತ. ಹೌದು ಅಂತ ಬರೆದು ತೋರಿಸ್ದೆ. ಅವರು ನಿಲ್ಲಿಸಲಿಲ್ಲ, ಉಳಿದಿದ್ದನ್ನ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿದ್ರು.

ಬಸ್ ಚಾರ್ಜ್ ಎಲ್ಲರಿಗೂ ಕೊಟ್ಟೆ. ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ, ಓದೋಕೆ ಕಷ್ಟ ಆಗೋರಿಗೆ ಆಡಿಯೋ. ಮಂಡಿಯವರು "ಮೂರನೇ ಸಾಲು ನಾನು ಹೇಳಿದ್ದಲ್ಲ" ಅಂತ ಬರೆದ್ರು, ತಿದ್ದಿ ಮತ್ತೆ ಎಲ್ಲರಿಗೂ ಕಳಿಸ್ದೆ. ಮುಂದೆ ಏನು ಕೇಳಬೇಕು ಅಂದಿದ್ದಕ್ಕೆ ಜಾಸ್ತಿ ಜನ ಬರೆದಿದ್ದು ಅಪ್ಪ ಅಮ್ಮ ಇಲ್ಲದ ಕಾಲಕ್ಕೆ ಎಲ್ಲಿ, ಯಾರ ಜೊತೆ ಇರೋದು ಅಂತ. ಆ ಪ್ರಶ್ನೆಗಳನ್ನ ಈಗ ಅವರ ಜೊತೆನೇ ಕೂತು ಬರೀತಾ ಇದೀವಿ.