ಸಕ್ಕರೆ ನಾಡಿನ ಕೆಂಚನಿಗೆ ಶುಗರ್

ಮೊದಲು ಸುಳಿವು ಕೊಟ್ಟಿದ್ದು ಇರುವೆಗಳು. ಹಿತ್ತಲ ಬಾಗಿಲ ಹತ್ತಿರ ನಮ್ಮ ಬೆಕ್ಕು ಕೆಂಚನ ಮರಳಿನ ಟ್ರೇ ಇದೆ. ಅವನು ಉಚ್ಚೆ ಹೊಯ್ದು ಈಚೆ ಬರುವಷ್ಟರಲ್ಲಿ ಇರುವೆ ಸಾಲುಗಟ್ಟುತ್ತಿದ್ದವು. ಅತ್ತೆಗೆ 15 ವರ್ಷದಿಂದ ಶುಗರ್ ಇದೆ. ಅವರು ನೋಡಿ, "ಇವನಿಗೂ ನನ್ನ ಕಾಯಿಲೆನೇ ಬಂದದೆ ಕಣವ್ವ" ಅಂದರು. ನಾನು ನಕ್ಕುಬಿಟ್ಟೆ. ಬೆಕ್ಕಿಗೆ ಎಲ್ಲಿಯ ಶುಗರ್?

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಚ್ಚಲ ಬಕೆಟ್‌ಗೆ ತಲೆ ಹಾಕಿ ನೀರು ಕುಡಿಯುತ್ತಲೇ ಇರುತ್ತಿದ್ದ. ಎರಡು ಪಟ್ಟು ತಿನ್ನುತ್ತಿದ್ದ, ಆದರೂ 6 ಕೆಜಿ ಇದ್ದವನು 4.5ಕ್ಕೆ ಇಳಿದ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿಕೊಂಡು, ಮುದುಕರ ಹಾಗೆ ನಡೆಯತೊಡಗಿದ. ಶುಗರ್ ಜಾಸ್ತಿಯಾಗಿ ಕಾಲಿನ ನರ ಸೋತಾಗ ಬೆಕ್ಕುಗಳು ಹೀಗೆ ನಡೆಯುತ್ತವಂತೆ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಬುಟ್ಟಿಯಲ್ಲಿ ದಾರಿಯುದ್ದಕ್ಕೂ ಕೂಗಿಕೊಂಡು ಬಂದ. ಅಲ್ಲಿ ಪಶು ಆಸ್ಪತ್ರೆಯಲ್ಲಿ ರಕ್ತದ ಶುಗರ್ ರೀಡಿಂಗ್ 468. ಡಾಕ್ಟರು ಅದೊಂದನ್ನೇ ನಂಬಲಿಲ್ಲ. ಹೆದರಿದ ಬೆಕ್ಕಿಗೆ ಕಾಯಿಲೆ ಇಲ್ಲದಿದ್ದರೂ ಶುಗರ್ ಏರುತ್ತದೆ ಎಂದು, ಹಿಂದಿನ ಒಂದೆರಡು ವಾರದ ಸರಾಸರಿ ತಿಳಿಸುವ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸಿದರು. ಅದೂ ಜಾಸ್ತಿಯೇ ಬಂತು. ಗ್ಲಾರ್ಜಿನ್ ಇನ್ಸುಲಿನ್, 12 ಗಂಟೆಗೊಮ್ಮೆ 1 ಯೂನಿಟ್ ಎಂದು ಬರೆದುಕೊಟ್ಟರು.

ಸೂಜಿ ಚುಚ್ಚುವುದು ಕಷ್ಟವೇ ಅಲ್ಲ. ಊಟಕ್ಕೆ ತಲೆ ಬಗ್ಗಿಸಿದಾಗ ಬೆನ್ನ ಚರ್ಮ ಎತ್ತಿ ಹಿಡಿದು ಚುಚ್ಚಿದರೆ ಅವನಿಗೆ ಗೊತ್ತೂ ಆಗುವುದಿಲ್ಲ. ನನ್ನನ್ನು ಅಳಿಸಿದ್ದು ಕಿವಿಯಿಂದ ರಕ್ತ ತೆಗೆಯುವ ಕೆಲಸ. ಮೊದಲ ವಾರ ಆರು ಸ್ಟ್ರಿಪ್ ಹಾಳು ಮಾಡಿದರೆ ಒಂದು ರೀಡಿಂಗ್ ಸಿಗುತ್ತಿತ್ತು. ಗುಟ್ಟು ಇರುವುದು ಬಿಸಿಯಲ್ಲಿ. ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿ, ತವದ ಮೇಲೆ ಬೆಚ್ಚಗೆ ಮಾಡಿ, ನನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಅರ್ಧ ನಿಮಿಷ ಕಿವಿಗೆ ಒತ್ತಿ ಹಿಡಿಯುತ್ತೇನೆ. ಕಿವಿಯ ಅಂಚಿನಲ್ಲಿ ಸಣ್ಣ ರಕ್ತನಾಳ ಓಡುತ್ತದಲ್ಲ, ಅದಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಹಿಂದೆ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಬೆರಳಿಗೇ ಚುಚ್ಚಿಕೊಳ್ಳುತ್ತೀರಿ. ಮೀಟರ್ ಮೊದಲು ಅತ್ತೆಯದೇ ಬಳಸಿದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೆ ಪದೇ ಪದೇ ಮೀಟರ್ ಬದಲಿಸಬೇಡಿ ಅಂದರು ಡಾಕ್ಟರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ಸ್ಕೂಲ್ ಟೀಚರ್. ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ, ಅಂದರೆ ಸೂಜಿಗೆ ಮುಂಚೆ ಮಾತ್ರ ನೋಡುತ್ತಿದ್ದೆ. 350 ಬಂದರೆ ಅರ್ಧ ಯೂನಿಟ್ ಏರಿಸುತ್ತಿದ್ದೆ. ಮತ್ತೆ 380. ಮತ್ತೆ ಏರಿಸಿದೆ. ಯಾರನ್ನೂ ಕೇಳಲಿಲ್ಲ. ಒಂದೂವರೆ ತಿಂಗಳಲ್ಲಿ ಎರಡೂವರೆ ಯೂನಿಟ್‌ಗೆ ಬಂದಿದ್ದೆ. ಡಾಕ್ಟರ ಹತ್ತಿರ ಬೈಸಿಕೊಂಡಿದ್ದೂ ಆಯಿತು. "ಒಂದು ಭಾನುವಾರ ಎರಡೆರಡು ಗಂಟೆಗೆ ನೋಡಿ ಬರೆದು ಕಳಿಸಿ" ಅಂದರು. ಬೆಳಿಗ್ಗೆ 7ಕ್ಕೆ 372. 9ಕ್ಕೆ 281. 11ಕ್ಕೆ 124. ಮಧ್ಯಾಹ್ನ 1ಕ್ಕೆ 61! ಎದೆ ಝಲ್ಲೆಂದಿತು, ತಕ್ಷಣ ಊಟ ಕೊಟ್ಟೆ. ಸಂಜೆ 7ಕ್ಕೆ ಮತ್ತೆ 390. ನಾನು ಪಾಠ ಮಾಡುವ ಹೊತ್ತಿನಲ್ಲಿ ಅವನು ದಿನವೂ ಹೀಗೆ ಪಾತಾಳಕ್ಕೆ ಇಳಿಯುತ್ತಿದ್ದನೇನೋ. ಅಷ್ಟು ಇಳಿದರೆ ಮೈ ತಾನೇ ಗಾಬರಿಯಾಗಿ ಸಕ್ಕರೆ ಬಿಡುತ್ತದಂತೆ. ಇಳಿದಿದ್ದು ನನಗೆ ಕಾಣಲಿಲ್ಲ, ಏರಿದ್ದು ಮಾತ್ರ ಕಂಡಿತು. ಡಾಕ್ಟರು ಡೋಸ್ ಒಂದಕ್ಕೆ ಇಳಿಸಿದರು. ವಾರ ಕಳೆಯುವವರೆಗೆ ಮುಟ್ಟಕೂಡದು ಎಂದರು. ಮುನ್ನೂರು ಚಿಲ್ಲರೆ ನೋಡಿಕೊಂಡು ಸುಮ್ನೆ ಕೂರುವುದಿದೆಯಲ್ಲ, ಸೂಜಿ ಚುಚ್ಚುವುದಕ್ಕಿಂತ ಅದೇ ಕಷ್ಟ.

ಸ್ವಲ್ಪ ಹತೋಟಿಗೆ ಬರುತ್ತಿದೆ ಅನ್ನುವಾಗ ಸಿರಿಂಜ್ ಎಡವಟ್ಟಾಯಿತು. ಒಂದು ಅಂಗಡಿಯಲ್ಲಿ ಕೇಳಿದ ಸಿರಿಂಜ್ ಖಾಲಿಯಾಗಿ ಬೇರೆ ಕೊಟ್ಟರು. ನಾನೂ ನೋಡದೆ ತಂದೆ. ನಮ್ಮ ಗ್ಲಾರ್ಜಿನ್ ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್, ಅದಕ್ಕೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಬೇಕು. ಕೊಟ್ಟಿದ್ದು ಕೆಂಪು ಮುಚ್ಚಳದ 40ರದ್ದು. ಅದರಲ್ಲಿ 1 ಗೆರೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ರಾತ್ರಿ 11ರ ಸುಮಾರಿಗೆ ಕೆಂಚ ಕುಡಿದವನ ಹಾಗೆ ತೂರಾಡಿ ಗೋಡೆಗೆ ಒರಗಿದ. ಮೀಟರ್ 34 ತೋರಿಸಿತು. ಅತ್ತೆ ಬೆಲ್ಲದ ಡಬ್ಬಿ ಹಿಡಿದು ಓಡಿ ಬಂದರು. ಡಾಕ್ಟರು ಫೋನಿನಲ್ಲಿ, "ಬೆಲ್ಲ ಬೇಡ, ಅದು ಕರಗಿ ಜೀರ್ಣವಾಗಬೇಕು. ಜೇನು ಒಸಡಿಗೆ ಸವರಿ, ಗಂಟಲಿಗೆ ಸುರಿಯಬೇಡಿ" ಅಂದರು. ಮಂಡ್ಯದಲ್ಲಿ ಬೆಲ್ಲ ಕೆಲಸಕ್ಕೆ ಬಾರದ ರಾತ್ರಿ ಅದೊಂದೇ ಇರಬೇಕು. ಸವರಿ, ಕಾಲು ಗಂಟೆಗೊಮ್ಮೆ ಕಿವಿ ಚುಚ್ಚಿ ನೋಡಿ, ನುಂಗುವಷ್ಟು ಎಚ್ಚರವಾದ ಮೇಲೆ ಊಟ ಕೊಟ್ಟು, ಬೆಳಗಾಗುವವರೆಗೆ ಕೂತೆವು. ಬೆಳಿಗ್ಗೆ ಆಸ್ಪತ್ರೆಗೂ ಹೋಗಿಬಂದೆವು. ಈಗ ಸಿರಿಂಜಿನ ಮುಚ್ಚಳದ ಬಣ್ಣ ನೋಡದೆ ದುಡ್ಡು ಕೊಡುವುದಿಲ್ಲ. ಫ್ರಿಜ್ ಬಾಗಿಲಿನಲ್ಲಿ ಇನ್ಸುಲಿನ್ ಪಕ್ಕದಲ್ಲೇ ಜೇನಿನ ಬಾಟಲಿ ಇರುತ್ತದೆ.

ಇಷ್ಟಾದರೂ ಶುಗರ್ ಹಟ ಬಿಡಲಿಲ್ಲ. ಡೋಸ್ ಸರಿ, ಸಿರಿಂಜ್ ಸರಿ, ಆದರೂ ಮಧ್ಯಾಹ್ನ 250ಕ್ಕಿಂತ ಕೆಳಗೆ ಬರುತ್ತಿರಲಿಲ್ಲ. ಡಾಕ್ಟರು ಬಾಯಿ ತೆರೆಸಿ ನೋಡಿದರು. ಹಿಂದಿನ ಎರಡು ಹಲ್ಲು ಕೊಳೆತು ಒಸಡೆಲ್ಲ ಕೆಂಪಾಗಿತ್ತು. ಮೈಯಲ್ಲಿ ಎಲ್ಲೇ ಸೋಂಕಿದ್ದರೂ ಇನ್ಸುಲಿನ್ ಸರಿಯಾಗಿ ಹಿಡಿಯುವುದಿಲ್ಲವಂತೆ. ಮೂತ್ರದ ಸೋಂಕು, ಬೇರೆ ಕಾಯಿಲೆಗೆ ಕೊಟ್ಟ ಸ್ಟಿರಾಯ್ಡ್ ಕೂಡ ಹಾಗೇ ಮಾಡುತ್ತವೆ. ಇದೂ ಅಲ್ಲದಿದ್ದರೆ ಮೆದುಳಿನ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದೆಯಾ ಎಂದು ರಕ್ತ ಪರೀಕ್ಷೆ ಮಾಡಿಸೋಣ ಅಂದಿದ್ದರು. ಅದರ ಅಗತ್ಯ ಬೀಳಲಿಲ್ಲ. ಹಲ್ಲು ಕೀಳಿಸಿ ಎರಡು ವಾರಕ್ಕೆ ಮಧ್ಯಾಹ್ನದ ರೀಡಿಂಗ್ 170ಕ್ಕೆ ಬಂತು.

ಊಟದಲ್ಲಿ ಒಣ ಬಿಸ್ಕೆಟ್ ತರಹದ ತಿನಿಸು ನಿಲ್ಲಿಸಿದೆ, ಅದರಲ್ಲಿ ಪಿಷ್ಟ ಜಾಸ್ತಿ. ಈಗ ಪಿಷ್ಟ ಕಡಿಮೆ ಇರುವ, ಪೊಟ್ಟಣದಲ್ಲಿ ಬರುವ ಮೆತ್ತನೆ ಊಟ. ಇದನ್ನು ಬದಲಿಸುವಾಗಲೂ ಡಾಕ್ಟರಿಗೆ ಹೇಳಿ, ಯಾಕೆಂದರೆ ಪಿಷ್ಟ ಕಡಿಮೆಯಾದ ಕೂಡಲೇ ಹಳೇ ಡೋಸ್ ಜಾಸ್ತಿಯಾಗಿಬಿಡುತ್ತದೆ. ಬೇಯಿಸಿದ ಕೋಳಿ ಆಗೊಂದು ಈಗೊಂದು ಚೂರು ಅಷ್ಟೇ, ಬರೀ ಕೋಳಿ ಬೆಕ್ಕಿಗೆ ಪೂರ್ತಿ ಊಟವಲ್ಲ.

ಇಷ್ಟು ಮಾಡಿದರೂ ವಾರಕ್ಕೆ ಎರಡು ದಿನ ಮಾತ್ರ 300 ದಾಟುತ್ತಿತ್ತು. ಡೈರಿ ತೆಗೆದು ನೋಡಿದೆ. ಮಂಗಳವಾರ, ಶುಕ್ರವಾರ. ಪಕ್ಕದ ಮನೆಯಲ್ಲಿ ಪೂಜೆ ಮಾಡುವ ದಿನ! ಹೋಗಿ ಕೇಳಿದರೆ ಆ ಮನೆಯ ಅಕ್ಕ, "ಪಾಪ, ಬಂದು ಕೂತ್ಕತ್ತಾನೆ. ಒಂಚೂರು ಹಾಲು ಅನ್ನ ಅಷ್ಟೇ ಕಣಮ್ಮ" ಅಂದರು. ಅವರ ತಟ್ಟೆಯಲ್ಲಿ ಸಿಹಿ ಪೊಂಗಲ್ ಕೂಡ ಅಂಟಿತ್ತು. ಜಗಳ ಮಾಡಲಿಲ್ಲ. ಮನೆಗೆ ಕರೆದು, ಅವರ ಎದುರಿಗೇ ಕಿವಿ ಚುಚ್ಚಿ ಮೀಟರ್ ತೋರಿಸಿದೆ.

ಈಗ ಒಂದು ಯೂನಿಟ್‌ನಲ್ಲೇ ಇದ್ದಾನೆ. 5.2 ಕೆಜಿ. ಹಿಮ್ಮಡಿ ಎತ್ತಿ ನಡೆಯುತ್ತಾನೆ, ಕಾಂಪೌಂಡ್ ಹಾರಲು ಮಾತ್ರ ಇನ್ನೂ ಯೋಚಿಸುತ್ತಾನೆ. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದುಂಟು. ನಮ್ಮವನಿಗೆ ಆ ಯೋಗ ಬಂದಿಲ್ಲ. ಹೋದ ತಿಂಗಳು ಮದುವೆಗೆಂದು ನಾಗಮಂಗಲಕ್ಕೆ ಹೋಗಬೇಕಿತ್ತು, ರಾತ್ರಿ ಅಲ್ಲೇ ಉಳಿಯಬೇಕಿತ್ತು. ಸಂಜೆ 7ಕ್ಕೆ ಸೂಜಿ ಚುಚ್ಚಿದ್ದು ಪಕ್ಕದ ಮನೆಯ ಅಕ್ಕ. 7 ಗಂಟೆ 4 ನಿಮಿಷಕ್ಕೆ ಫೋನ್ ಮಾಡಿದರು. "ಕಿತ್ತಳೆ ಮುಚ್ಚಳದ್ದೇ ಕಣಮ್ಮ, ಎರಡು ಸಲ ನೋಡ್ದೆ. ಹಾಲು ಕೊಟ್ಟಿಲ್ಲ."